ಉತ್ಸವಕ್ಕೆ ನಾಟಕ ಒಯ್ಯೋಣ, ದುಡ್ಡಿಗೆ ಅರ್ಜಿ ಹಾಕೋಣ: ನಮ್ಮ ಕಡೆಯ ರಂಗತಂಡಗಳಿಗೆ ಒಂದು ಕೈಪಿಡಿ

ತುಮಕೂರು ಕಡೆ ಪೌರಾಣಿಕ ನಾಟಕ ಆಡುವಾಗ ಪಾತ್ರ ಹಾಕುವವರೇ ದುಡ್ಡು ಕೊಡುತ್ತಾರೆ. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಇನ್ನೊಂದು, ಸಣ್ಣ ಪಾತ್ರಕ್ಕೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಕಂಪನಿಗಳ ಕಾಲ ಮುಗಿದ ಮೇಲೂ ಹಳ್ಳಿಗಳಲ್ಲಿ ನಾಟಕ ಉಳಿದಿದ್ದರೆ, ಹೀಗೆ ಕೈಯಿಂದ ಹಾಕಿ ಆಡುವವರಿಂದಲೇ ಉಳಿದಿದೆ. ಅವರ ಮೇಲೆ ನನಗೆ ತುಂಬಾ ಗೌರವ.

ಆದರೆ ಇದೇ ಅಭ್ಯಾಸ ಧನಸಹಾಯದ ಅರ್ಜಿ ಬರೆಯಲು ಕೂತಾಗ ಅಡ್ಡ ಬರುತ್ತದೆ. ನಟರ ದಿನಗೂಲಿ ಬರೆಯಲು ಸಂಕೋಚ. ತಾಲೀಮಿನ ಕಾಫಿ ಖರ್ಚು ಬರೆಯಲು ಸಂಕೋಚ. ಕೊನೆಗೆ ಅರ್ಜಿಯಲ್ಲಿ ಪರದೆ, ಲೈಟು, ವ್ಯಾನು ಮಾತ್ರ ಉಳಿಯುತ್ತವೆ, ಆಡುವ ಮನುಷ್ಯರೇ ಇರುವುದಿಲ್ಲ. ಇಂಥ ಅರ್ಜಿ ನೋಡಿದವರಿಗೆ ಈ ತಂಡ ಕೆಲಸ ಹೇಗೆ ಮಾಡುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಖರ್ಚಿನ ಪಟ್ಟಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಉತ್ಸವದವರು ಏನು ಕೊಡುತ್ತಾರೆ ಅಂತ ಕೇಳಿ

ಉತ್ಸವಗಳೆಲ್ಲ ಒಂದೇ ಥರ ಅಲ್ಲ. ಮೈಸೂರಿನ ರಂಗಾಯಣ ನಡೆಸುವ ಬಹುರೂಪಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸುವ ಭಾರತ ರಂಗ ಮಹೋತ್ಸವ, ತ್ರಿಶೂರಿನ ಅಂತರರಾಷ್ಟ್ರೀಯ ನಾಟಕೋತ್ಸವ, ಇವೆಲ್ಲ ನಾಟಕಗಳನ್ನು ಆರಿಸಿ ಕರೆಸುವ ಉತ್ಸವಗಳು. ಇಂಥ ಕಡೆ ಪ್ರಯಾಣ, ಊಟ, ವಸತಿಯನ್ನು ಸಾಮಾನ್ಯವಾಗಿ ಕರೆಸುವವರೇ ನೋಡಿಕೊಳ್ಳುತ್ತಾರೆ. ಆಗ ನಿಮಗೆ ದುಡ್ಡು ಬೇಕಾಗುವುದು ನಾಟಕ ಕಟ್ಟುವುದಕ್ಕೆ. ಇನ್ನೊಂದು ಥರದ ಉತ್ಸವಕ್ಕೆ 1947ರಲ್ಲಿ ಶುರುವಾದ ಸ್ಕಾಟ್ಲೆಂಡಿನ ಎಡಿನ್‌ಬರೊ ಫ್ರಿಂಜ್ ದೊಡ್ಡ ಉದಾಹರಣೆ. ಅಲ್ಲಿ ಆಯ್ಕೆ ಸಮಿತಿ ಇಲ್ಲ. ಶುಲ್ಕ ಕಟ್ಟಿ, ಜಾಗ ಗೊತ್ತು ಮಾಡಿಕೊಂಡು ಯಾರು ಬೇಕಾದರೂ ಆಡಬಹುದು, ಖರ್ಚೆಲ್ಲ ತಂಡದ್ದೇ. ಈ ಮಾದರಿಯ ಉತ್ಸವಗಳಿಂದ ಆಹ್ವಾನ ಬಂದ ತಕ್ಷಣ ಹಿಗ್ಗಬೇಡಿ, ಮೊದಲು ಲೆಕ್ಕ ಹಾಕಿ. ಮೂರನೆಯದು ಸರ್ಕಾರಿ ಉತ್ಸವ. ಇಲ್ಲಿ ಜಿಲ್ಲಾಡಳಿತ ಮತ್ತು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಂಡಗಳನ್ನು ಆರಿಸುತ್ತವೆ.

ಫೋನ್ ಮಾಡಿ ನೇರವಾಗಿ ಕೇಳಿ: ಸಂಭಾವನೆ ಎಷ್ಟು? ಎಷ್ಟು ಜನರಿಗೆ ವಸತಿ? ಸಾಮಾನಿನ ಗಾಡಿಯ ಬಾಡಿಗೆ ಯಾರದು? ಲೈಟು ಅವರಲ್ಲಿ ಎಷ್ಟಿದೆ? ರಂಗದ ಅಳತೆ ಏನು? ಉತ್ತರವನ್ನು ಪತ್ರದಲ್ಲಿ ಬರೆಸಿಕೊಳ್ಳಿ. ದಿನಾಂಕ, ಸ್ಥಳ, ಯಾವ ಖರ್ಚು ಯಾರದು ಅನ್ನುವುದು ಲೆಟರ್‌ಹೆಡ್ ಮೇಲೆ ಇರಲಿ. ದುಡ್ಡು ಕೊಡುವವರು ಮೊದಲು ನೋಡುವ ಕಾಗದ ಇದು.

ಒಂದು ತೊಡಕು ಇದೆ. ಉತ್ಸವದವರು "ದುಡ್ಡು ಗ್ಯಾರಂಟಿ ಆಯ್ತಾ?" ಅಂತಾರೆ, ದುಡ್ಡು ಕೊಡುವವರು "ಆಹ್ವಾನ ಪತ್ರ ಎಲ್ಲಿ?" ಅಂತಾರೆ. ಇದಕ್ಕೆ ದಾರಿ, ಷರತ್ತಿನ ಒಪ್ಪಿಗೆ ಪತ್ರ. "ತಂಡಕ್ಕೆ ಹಣದ ವ್ಯವಸ್ಥೆಯಾದರೆ ಈ ದಿನ ಪ್ರದರ್ಶನಕ್ಕೆ ಅವಕಾಶ ಕೊಡುತ್ತೇವೆ" ಎಂದು ಎರಡು ಸಾಲು ಬರೆದುಕೊಡಿ ಅಂತ ಉತ್ಸವದವರನ್ನು ಕೇಳಿ. ಬಹಳಷ್ಟು ಸಂಘಟಕರಿಗೆ ಈ ಕಷ್ಟ ಗೊತ್ತಿರುತ್ತದೆ, ಕೊಡುತ್ತಾರೆ.

ಎರಡನೆಯದು: ಸರಿಯಾದ ಬಾಗಿಲು ತಟ್ಟಿ

ಹತ್ತಿರದ ಬಾಗಿಲು ಜಿಲ್ಲಾ ಕೇಂದ್ರದಲ್ಲೇ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿ ಇದೆ. ಸಂಘ ಸಂಸ್ಥೆಗಳ ಧನಸಹಾಯ, ವಾದ್ಯ ಪರಿಕರ ಮತ್ತು ವೇಷಭೂಷಣ ಕೊಳ್ಳಲು ಸಹಾಯ, ಪರಿಶಿಷ್ಟ ಜಾತಿ ಮತ್ತು ಪಂಗಡದ ಕಲಾವಿದರಿಗೆ ಇರುವ ಯೋಜನೆಗಳು, ಎಲ್ಲವನ್ನೂ ಅಲ್ಲಿ ವಿಚಾರಿಸಬಹುದು. ಅರ್ಜಿ ಸೇವಾ ಸಿಂಧು ಪೋರ್ಟಲ್ ಮೂಲಕ ಹೋಗುತ್ತದೆ. ಆನ್‌ಲೈನ್ ಆದರೂ ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಈ ವರ್ಷದ ನಿಯಮ ಏನು, ಕೊನೆಯ ದಿನ ಯಾವಾಗ ಅನ್ನುವುದು ಅಲ್ಲಿ ಖಚಿತವಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ನಾಟಕ ಅಕಾಡೆಮಿ, ಜಾನಪದ ಅಕಾಡೆಮಿ ಇವೆ. ಅವುಗಳ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಕೇಂದ್ರದ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯ ಕೆಳಗೆ ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ಹೊಸ ನಿರ್ಮಾಣಕ್ಕೆ ಅನುದಾನವಿದೆ. ನಾಟಕ ಕಟ್ಟುವ ನೋಂದಾಯಿತ ಸಂಸ್ಥೆಗಳಿಗೆ ಇದು ಮುಖ್ಯ. ಸಾಮಾನ್ಯ ಮಿತಿ 5 ಲಕ್ಷ ರೂಪಾಯಿ, ವಿಶೇಷ ಸಂದರ್ಭದಲ್ಲಿ 20 ಲಕ್ಷದವರೆಗೆ. ಇದಕ್ಕೆ ಸಂಘ ಸಂಸ್ಥೆಗಳು ಹೆಸರು ನೋಂದಾಯಿಸುವ ಕೇಂದ್ರದ ಎನ್‌ಜಿಒ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ ಬೇಕು. ಕರ್ನಾಟಕವನ್ನು ಒಳಗೊಂಡ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ ತಂಜಾವೂರಿನಲ್ಲಿದೆ. ಜಾನಪದ ತಂಡಗಳು ಅದರ ಸಂಪರ್ಕದಲ್ಲಿದ್ದರೆ ಬೇರೆ ರಾಜ್ಯಗಳ ಉತ್ಸವಗಳಿಗೆ ದಾರಿ ಸಿಗುತ್ತದೆ.

ಸಂಸ್ಥೆ ಇಲ್ಲದ ಒಬ್ಬೊಬ್ಬರೇ ಕಲಾವಿದರಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1993ರಲ್ಲಿ ಶುರುವಾದ ಖಾಸಗಿ ಸಂಸ್ಥೆ. ಅಲ್ಲಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳಬೇಕು. ಆದರೆ ಅವರು ಕೇಳುವುದು ಹೊಸ ಹುಡುಕಾಟ, ಹೊಸ ಪ್ರಶ್ನೆ. ಹಳೇ ನಾಟಕವನ್ನು ಇನ್ನೊಮ್ಮೆ ಆಡಲು ಅಲ್ಲಿಗೆ ಹೋಗಬೇಡಿ.

ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರ, ವೇಮಗಲ್, ಗೌರಿಬಿದನೂರು, ಇಲ್ಲೆಲ್ಲ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಕಲೆ ಸಂಸ್ಕೃತಿಯೂ ಇದೆ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಅಂತ ತೆಗೆದಿಡುವ ಸಿಎಸ್‌ಆರ್ ಹಣ ನಾಟಕಕ್ಕೂ ಸಿಗಬಹುದು. ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು. ಬರೀ ಉತ್ಸವದ ಪ್ರದರ್ಶನಕ್ಕೆ ಕೇಳಿದರೆ ಕಂಪನಿಗಳಿಗೆ ಆಸಕ್ತಿ ಕಡಿಮೆ. ಅದೇ ನಾಟಕವನ್ನು ಸುತ್ತಲಿನ ಸರ್ಕಾರಿ ಶಾಲೆಗಳಲ್ಲೂ ಆಡುತ್ತೇವೆ ಅಂದರೆ ಮಾತು ಮುಂದುವರಿಯುತ್ತದೆ. ವಿದೇಶದಿಂದ ನೇರವಾಗಿ ಹಣ ತರಿಸಲು ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ನೋಂದಣಿಯೋ ಮುಂಗಡ ಅನುಮತಿಯೋ ಬೇಕೇ ಬೇಕು. ಇಲ್ಲದೆ ಒಂದು ರೂಪಾಯಿಯನ್ನೂ ಖಾತೆಗೆ ಹಾಕಿಸಿಕೊಳ್ಳಬೇಡಿ.

"ನಾನು ಮಂಜೂರು ಮಾಡಿಸಿ ಕೊಡ್ತೀನಿ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅಂತ ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಆ ಪರ್ಸೆಂಟಿಗೆ ಬಿಲ್ ಇರುವುದಿಲ್ಲ. ನಾಳೆ ಲೆಕ್ಕ ಕೊಡಬೇಕಾದವರು ನೀವು.

ಮೂರನೆಯದು: ಕಾಗದ ಪತ್ರ

ತಂಡ ನೋಂದಣಿ ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಸದಸ್ಯರು ಬೇಕು. ನೋಂದಣಿ ಆದ ಮೇಲೆ ಪ್ರತಿ ವರ್ಷ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕ ಸಲ್ಲಿಸಬೇಕು. ನಮ್ಮ ಕಡೆಯ ಎಷ್ಟೋ ಸಂಘಗಳು ಇಲ್ಲೇ ಎಡವುತ್ತವೆ. ನೋಂದಣಿ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ನೇತು ಹಾಕಿರುತ್ತಾರೆ, ಐದಾರು ವರ್ಷದಿಂದ ಲೆಕ್ಕವೇ ಸಲ್ಲಿಸಿರುವುದಿಲ್ಲ.

ಒಂದು ಫೈಲಿನಲ್ಲಿ ಇವು ಸದಾ ಸಿದ್ಧ ಇರಲಿ: ನೋಂದಣಿ ಪತ್ರ, ಬೈಲಾ, ಸಂಘದ ಹೆಸರಿನ ಪ್ಯಾನ್, ಸಂಘದ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಮೂರು ವರ್ಷದ ಆಡಿಟ್ ವರದಿ, ಮಾಡಿದ ಕಾರ್ಯಕ್ರಮಗಳ ಕರಪತ್ರ, ಫೋಟೊ, ಪತ್ರಿಕಾ ತುಣುಕು. ರಾಜ್ಯ ಸರ್ಕಾರದ ಹಣ ಖಜಾನೆ-2 ಅನ್ನುವ ಆನ್‌ಲೈನ್ ಖಜಾನೆ ವ್ಯವಸ್ಥೆ ಮೂಲಕ ಬರುವುದರಿಂದ ಫಲಾನುಭವಿ ಐಡಿ ಕೂಡ ಬೇಕಾಗುತ್ತದೆ. ಎಲ್ಲ ಕಾಗದದಲ್ಲೂ ಸಂಘದ ಹೆಸರು ಅಕ್ಷರ ಅಕ್ಷರ ಒಂದೇ ಇರಬೇಕು. ಒಂದರಲ್ಲಿ "ಕಲಾ ಸಂಘ", ಇನ್ನೊಂದರಲ್ಲಿ "ಕಲಾವೃಂದ" ಅಂತಿದ್ದರೆ ಹಣ ಮಂಜೂರಾಗಿಯೂ ಖಾತೆಗೆ ಬರದೆ ನಿಲ್ಲುತ್ತದೆ.

ನಿಮ್ಮದು ಹೊಸ ತಂಡವೇ? ಹಾಗಾದರೆ ಪರಿಚಯದ ಹಳೇ ಸಂಸ್ಥೆಯೊಂದರ ಜೊತೆ ಸೇರಿ ಅರ್ಜಿ ಹಾಕಿ. ಆದರೆ ಹಣ ಅವರ ಖಾತೆಗೆ ಬಂದ ಎಷ್ಟು ದಿನದಲ್ಲಿ ನಿಮಗೆ ಕೊಡಬೇಕು, ಬಿಲ್ಲು ಯಾರು ಇಟ್ಟುಕೊಳ್ಳಬೇಕು, ಪೋಸ್ಟರಿನಲ್ಲಿ ಯಾರ ಹೆಸರು ಅನ್ನುವುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಸ್ನೇಹ ಉಳಿಯಬೇಕಲ್ವಾ?

ನಾಲ್ಕನೆಯದು: ಬಜೆಟ್ ಮೊದಲು, ಮಾತು ಆಮೇಲೆ

ಹೆಚ್ಚಿನವರು ನಾಟಕದ ವಿವರಣೆಯನ್ನು ವಾರಗಟ್ಟಲೆ ಬರೆಯುತ್ತಾರೆ. ಬಜೆಟ್ಟನ್ನು ಕೊನೆಯ ರಾತ್ರಿ ಗೀಚುತ್ತಾರೆ. ಇದನ್ನು ತಿರುಗಿಸಿ. ಖರ್ಚು ಬರೆಯುತ್ತಾ ಹೋದಂತೆ ನಾಟಕ ನಿಮಗೇ ಸ್ಪಷ್ಟವಾಗುತ್ತದೆ. ಎಷ್ಟು ಜನ, ಎಷ್ಟು ದಿನ, ಯಾವ ವಾದ್ಯ, ಎಷ್ಟು ಸಾಮಾನು, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಶಿರಾದ ಒಂದು ತಂಡ ಕಾಡುಗೊಲ್ಲರ ಜನಪದ ವೀರ ಜುಂಜಪ್ಪನ ಕಥೆಯನ್ನು ನಾಟಕ ಮಾಡಿ ಮೈಸೂರಿನ ಉತ್ಸವಕ್ಕೆ ಒಯ್ಯುತ್ತದೆ ಅಂತಿಟ್ಟುಕೊಳ್ಳಿ. ಒಂಬತ್ತು ನಟರು, ಗಣೆ (ಉದ್ದನೆಯ ಬಿದಿರಿನ ಕೊಳಲು) ಊದಿ ಹಾಡುವ ಇಬ್ಬರು ಹಿರಿಯರು, ನಿರ್ದೇಶಕರು, ಬೆಳಕಿನವರು, ಮೇಕಪ್‌ನವರು, ಒಟ್ಟು 14 ಜನ. ತಾಲೀಮು 30 ದಿನ. ಪಟ್ಟಿ ಹೀಗಿರಬಹುದು:

ನಟರ ತಾಲೀಮು ಭತ್ಯೆ, 9 ಜನ × 30 ದಿನ × 300 = 81,000
ಗಣೆ ಗಾಯಕರ ಸಂಭಾವನೆ, 2 ಜನ × 15 ದಿನ × 1,000 = 30,000
ನಿರ್ದೇಶಕರ ಸಂಭಾವನೆ = 25,000
ತಾಲೀಮಿನ ಕಾಫಿ ತಿಂಡಿ, 12 ಜನ × 30 ದಿನ × 50 = 18,000
ರಂಗಸಜ್ಜಿಕೆ, ಪರಿಕರ = 30,000
ವೇಷಭೂಷಣ, ಪ್ರಸಾಧನ = 28,000
ಬೆಳಕು, ಧ್ವನಿ = 22,000
ಟೆಂಪೊ ಟ್ರಾವೆಲರ್ ಮತ್ತು ಸಾಮಾನಿನ ಗಾಡಿ, ಹೋಗಿ ಬರಲು = 24,000
ಊಟ ವಸತಿ, 14 ಜನ × 2 ದಿನ × 1,000 = 28,000
ವಿಡಿಯೊ, ಪ್ರಚಾರ = 12,000
ಲೆಕ್ಕಪರಿಶೋಧಕರ ಶುಲ್ಕ = 7,000
ಅನಿರೀಕ್ಷಿತ ಖರ್ಚು = 15,000
ಒಟ್ಟು = 3,20,000

ಈ ದರಗಳು ಲೆಕ್ಕ ತೋರಿಸಲು ಹಾಕಿದವು. ನಿಮ್ಮ ಊರಿನ ರೇಟು ವಿಚಾರಿಸಿ ನಿಮ್ಮ ಅಂಕಿ ಹಾಕಿ. ಮುಖ್ಯ ಅಂದರೆ ಗುಣಾಕಾರ ಕಾಣಬೇಕು. "ನಟರಿಗೆ 81,000" ಅಂತ ಬರೆದರೆ ದುಬಾರಿ ಅನಿಸುತ್ತದೆ. 9 ಜನ, 30 ದಿನ, ದಿನಕ್ಕೆ 300 ಅಂತ ಬಿಡಿಸಿ ಬರೆದರೆ, ಇಷ್ಟು ಕಡಿಮೆಗೆ ದುಡಿಯುತ್ತಿದ್ದಾರಲ್ಲ ಅನಿಸುತ್ತದೆ. ಸಂಜೆ ತಾಲೀಮಿಗೆ ಬರುವ ಹುಡುಗಿ ಆ ಹೊತ್ತಿನ ಟೈಲರಿಂಗ್ ಬಿಟ್ಟು ಬಂದಿರುತ್ತಾಳೆ. ಅವಳ 300 ರೂಪಾಯಿಯನ್ನು ಪಟ್ಟಿಯ ಮೊದಲ ಸಾಲಲ್ಲೇ ಬರೆಯಿರಿ.

ವಾದ್ಯದವರನ್ನು "ಇತರೆ ಖರ್ಚು" ಸಾಲಿಗೆ ತಳ್ಳುವ ಕೆಟ್ಟ ರೂಢಿ ಇದೆ. ತಮಟೆಯವರಿಗೆ ಊಟ ಹಾಕಿ ಬಸ್ ಚಾರ್ಜ್ ಕೊಟ್ಟರೆ ಮುಗೀತು ಅನ್ನುವವರೂ ಇದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ತಮಟೆಯವರು, ಗಣೆಯವರು, ಹಾರ್ಮೋನಿಯಂ ಮೇಷ್ಟ್ರು, ಎಲ್ಲರಿಗೂ ಅವರವರದೇ ಸಾಲು, ಅವರವರದೇ ಮೊತ್ತ ಇರಲಿ.

ಇನ್ನು ಸ್ವಂತ ಪಾಲು. ಕೇಂದ್ರದ ನಿರ್ಮಾಣ ಅನುದಾನ ಒಟ್ಟು ಖರ್ಚಿನ ಶೇ. 75ರವರೆಗೆ ಮಾತ್ರ. ಮೇಲಿನ ಲೆಕ್ಕದಲ್ಲಿ ಅದು 2,40,000. ಉಳಿದ 80,000 ನೀವು ತೋರಿಸಬೇಕು. ಊರಿನ ದಾನಿಗಳು, ಟಿಕೆಟ್ ಹಣ, ಸಂಘದ ಉಳಿತಾಯ, ಯಾವುದರಿಂದ ಎಷ್ಟು ಅಂತ ಬರೆಯಿರಿ. ಶಾಲೆಯವರು ತಾಲೀಮಿಗೆ ಕೊಠಡಿ ಪುಕ್ಕಟೆ ಕೊಟ್ಟರೆ ಮುಖ್ಯ ಶಿಕ್ಷಕರಿಂದ ಒಂದು ಪತ್ರ ತೆಗೆದುಕೊಳ್ಳಿ. ಕೆಲವು ಸಂಸ್ಥೆಗಳು ಇದನ್ನೂ ನಿಮ್ಮ ಪಾಲು ಅಂತ ಒಪ್ಪುತ್ತವೆ, ಕೆಲವು ನಗದನ್ನು ಮಾತ್ರ ಒಪ್ಪುತ್ತವೆ. ನಿಯಮ ಓದಿ ನೋಡಿ.

ಒಂದೇ ಖರ್ಚನ್ನು ಇಬ್ಬರ ಹತ್ತಿರ ಕೇಳಬಾರದು. ಉತ್ಸವದವರು ಊಟ ವಸತಿ ಕೊಡುತ್ತಾರೆ ಅಂದರೆ ಆ 28,000ದ ಸಾಲನ್ನು ತೆಗೆದುಬಿಡಿ. ಎರಡು ಕಡೆ ಅರ್ಜಿ ಹಾಕುವುದು ತಪ್ಪಲ್ಲ. ಯಾವ ಸಾಲು ಯಾರಿಗೆ ಅನ್ನುವುದನ್ನು ಎರಡೂ ಅರ್ಜಿಯಲ್ಲಿ ಬಹಿರಂಗವಾಗಿ ಬರೆಯಿರಿ. ಹಾಗೆ ಬರೆದ ತಂಡವನ್ನು ಜನ ನಂಬುತ್ತಾರೆ.

ಐದನೆಯದು: ನಾಟಕದ ಬಗ್ಗೆ ಒಂದು ಪುಟ

"ನಾಡಿನ ಭವ್ಯ ಪರಂಪರೆಯನ್ನು ಉಳಿಸಿ ಬೆಳೆಸುವ ಮಹದಾಶಯದಿಂದ ನಮ್ಮ ತಂಡವು ಶ್ರಮಿಸುತ್ತಾ ಬಂದಿದ್ದು..." ಇಂಥ ಸಾಲು ಪ್ರತಿ ಅರ್ಜಿಯಲ್ಲೂ ಇರುತ್ತದೆ. ಓದುವವರು ಇದನ್ನು ದಾಟಿಕೊಂಡು ಹೋಗುತ್ತಾರೆ. ಬದಲಿಗೆ ಹೀಗೆ ಬರೆಯಿರಿ: "ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದಿ ಜುಂಜಪ್ಪನ ಕಥೆ ಹಾಡುವ ಹಿರಿಯರಿದ್ದಾರೆ. ಅವರಲ್ಲಿ ಇಬ್ಬರು ನಮ್ಮ ಜೊತೆ ರಂಗದ ಮೇಲೆ ಇರುತ್ತಾರೆ. ಅವರು ಹಾಡುತ್ತಾರೆ, ಒಂಬತ್ತು ಯುವ ನಟರು ಆಡುತ್ತಾರೆ. ನಾಟಕದ ಅವಧಿ 70 ನಿಮಿಷ." ಯಾರು, ಎಲ್ಲಿ, ಏನು, ಎಷ್ಟು ಹೊತ್ತು. ಓದಿದವರ ಕಣ್ಣಿಗೆ ರಂಗ ಕಾಣಬೇಕು.

ಆಮೇಲೆ ಮೂರು ವಿಷಯ ಬರೆಯಿರಿ. ಈ ನಾಟಕ ಈಗ ಯಾಕೆ? ನೀವೇ ಯಾಕೆ ಮಾಡಬೇಕು? ಉತ್ಸವ ಮುಗಿದ ಮೇಲೆ ನಾಟಕಕ್ಕೆ ಏನಾಗುತ್ತದೆ? ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಮೈಸೂರಲ್ಲಿ ಒಂದು ಸಲ ಆಡಿ ಪರದೆ ಮಡಚಿಟ್ಟರೆ ಮೂರು ಲಕ್ಷ ಯಾಕೆ ಕೊಡಬೇಕು? ಅದೇ ನಾಟಕ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ, ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲಿ, ಆಮೇಲೆ ಹಟ್ಟಿಗಳಲ್ಲೇ ಆಡುವ ಯೋಜನೆ ಇದ್ದರೆ ಬರೆಯಿರಿ.

ಪೌರಾಣಿಕ ನಾಟಕದವರಿಗೆ ಒಂದು ಮಾತು. ಉತ್ಸವದಲ್ಲಿ ಸಿಗುವುದು ಒಂದೂವರೆ ಗಂಟೆ ಅಷ್ಟೆ. ರಾತ್ರಿಯಿಡೀ ನಡೆಯುವ ಕುರುಕ್ಷೇತ್ರವನ್ನು ಅಲ್ಲಿ ಇಲ್ಲಿ ಕತ್ತರಿಸಿದರೆ ಕಂದಪದ್ಯವೂ ಉಳಿಯುವುದಿಲ್ಲ, ಕಥೆಯೂ ಉಳಿಯುವುದಿಲ್ಲ. ಒಂದೇ ಪ್ರಸಂಗ ಹಿಡಿಯಿರಿ, ಕರ್ಣ ಕುಂತಿಯರ ಭೇಟಿಯೋ ಸಂಧಾನವೋ. ಹಾಡುಗಳನ್ನು ಪೂರ್ತಿ ಹಾಡಿ. ಮೂಡಲಪಾಯ ಬಯಲಾಟದವರಿಗೂ ಇದೇ ಮಾತು.

ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ನಾಟಕಗಳಲ್ಲಿ ತೆಲುಗು ಸಹಜವಾಗಿ ಬರುತ್ತದೆ. ಸಂತಕವಿ ಕೈವಾರ ತಾತಯ್ಯನವರೇ ಎರಡೂ ಭಾಷೆಯಲ್ಲಿ ಹಾಡಿದವರು. ಅರ್ಜಿಯಲ್ಲಿ ಇದನ್ನು ಮುಚ್ಚಿಡಬೇಡಿ. ಎರಡು ಭಾಷೆ ಇದೆ, ಪರದೆಯ ಮೇಲೆ ಅನುವಾದದ ಸಾಲು ತೋರಿಸುತ್ತೇವೆ ಅಂತ ಬರೆದು, ಆ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ಆರನೆಯದು: ವಿಡಿಯೊ ಮತ್ತು ಅನುಮತಿ

ಆಯ್ಕೆಗೆ ಕೂತವರು ನಿಮ್ಮ ನಾಟಕ ನೋಡುವುದು ವಿಡಿಯೊದಲ್ಲೇ. ಎಡಿಟ್ ಮಾಡಿ ಮ್ಯೂಸಿಕ್ ಹಾಕಿದ ಟ್ರೇಲರ್ ಸಾಲದು, ಪೂರ್ತಿ ಪ್ರದರ್ಶನ ಬೇಕು. ಫೋನಾದರೂ ಪರವಾಗಿಲ್ಲ. ಸ್ಟ್ಯಾಂಡಿಗೆ ಅಡ್ಡಲಾಗಿ ಸಿಕ್ಕಿಸಿ, ಇಡೀ ರಂಗ ಕಾಣುವಂತೆ ಇಟ್ಟು, ಕೈ ಬಿಡಿ. ಧ್ವನಿಗೆ ರಂಗದ ಹತ್ತಿರ ಬೇರೆ ಫೋನೊಂದನ್ನು ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. ಲಿಂಕ್ ಕಳಿಸುವ ಮುಂಚೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ, ಲಾಕ್ ಆಗಿದ್ದರೆ ಯಾರೂ ನಿಮಗೆ ವಾಪಸ್ ಫೋನ್ ಮಾಡಿ ಕೇಳುವುದಿಲ್ಲ. ಮೊದಲ ಪ್ರದರ್ಶನಕ್ಕೆ ಸಣ್ಣ ಜಾಗ ಹುಡುಕಿ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದ "ಹುಣ್ಣಿಮೆ ಹಾಡು" ಕಾರ್ಯಕ್ರಮದಂಥ ಕಡೆ, ಒಳ್ಳೆಯ ಪ್ರೇಕ್ಷಕರ ಮುಂದೆ ಆಡಿದ ರೆಕಾರ್ಡಿಂಗ್‌ಗೆ ಬೇರೆಯದೇ ಕಳೆ ಇರುತ್ತದೆ.

ನಾಟಕ ಬರೆದವರ ಅನುಮತಿ ಪತ್ರ ಬೇಕು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ತೀರಿಕೊಂಡ ಮರುವರ್ಷದಿಂದ ಲೆಕ್ಕ. ಮಾಸ್ತಿ ನಮ್ಮ ಮಾಲೂರು ತಾಲ್ಲೂಕಿನವರು, ಅವರ ಕಥೆಯನ್ನು ಕೇಳದೆಯೇ ರಂಗಕ್ಕೆ ತರಬಹುದು ಅಂದುಕೊಳ್ಳಬೇಡಿ. ಅವರು ತೀರಿಕೊಂಡದ್ದು 1986ರಲ್ಲಿ, ಹಕ್ಕು 2046ರ ಕೊನೆಯವರೆಗೆ ಇದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕೃತಿಗಳ ಅವಧಿ ಮುಗಿದಿದೆ. ಜುಂಜಪ್ಪನಂಥ ಜನಪದ ಕಾವ್ಯಕ್ಕೆ ಒಬ್ಬ ಲೇಖಕ ಇಲ್ಲ. ಆದರೂ ಹಾಡಿಕೊಟ್ಟವರನ್ನು, ಹಟ್ಟಿಯ ಹಿರಿಯರನ್ನು ಕೇಳಿ ಒಪ್ಪಿಗೆ ಪಡೆಯುವುದು ನ್ಯಾಯ. ಅವರ ಹೆಸರು ಕರಪತ್ರದಲ್ಲಿ ಬರಬೇಕು. ಸಿನಿಮಾ ಹಾಡಿನ ರೆಕಾರ್ಡ್ ಹಾಕಿದರೆ ಪರವಾನಗಿಯ ತಲೆನೋವು ಬೇರೆ. ಹಾಡುವವರು ನಿಮ್ಮಲ್ಲೇ ಇರುವಾಗ ಅದು ಬೇಡ.

ಏಳನೆಯದು: ದುಡ್ಡು ತಡವಾಗಿ ಬರುತ್ತದೆ

ಇದನ್ನು ಖಂಡಿತ ಅಂತಲೇ ಇಟ್ಟುಕೊಂಡು ಯೋಜನೆ ಮಾಡಿ. ಅನುದಾನ ಕಂತಿನಲ್ಲಿ ಬರುತ್ತದೆ, ಕೊನೆಯ ಕಂತು ಪ್ರದರ್ಶನ ಮುಗಿದು ಲೆಕ್ಕ ಕೊಟ್ಟ ಮೇಲೆ. ಆ ಭರವಸೆಯ ಮೇಲೆ ಬಡ್ಡಿಗೆ ಸಾಲ ಮಾಡಬೇಡಿ. ಒಡವೆ ಅಡ ಇಡಬೇಡಿ. ಸೀನರಿಯವರು, ಲೈಟಿನವರ ಹತ್ತಿರ ಮೊದಲೇ ಮಾತಾಡಿ, ಅರ್ಧ ಈಗ, ಅರ್ಧ ಕಂತು ಬಂದ ಮೇಲೆ ಅಂತ ಒಪ್ಪಿಸಿ. ಮೊದಲು ಬಂದ ಹಣ ನಟರಿಗೆ ಮತ್ತು ವಾದ್ಯದವರಿಗೆ ಹೋಗಲಿ.

ಹಣ ಒಂದು ರೂಪಾಯಿ ಬರದಿದ್ದರೂ ಉತ್ಸವಕ್ಕೆ ಹೋಗುತ್ತೀರಾ? ಇದನ್ನು ತಂಡ ಅರ್ಜಿ ಹಾಕುವ ದಿನವೇ ಕೂತು ತೀರ್ಮಾನ ಮಾಡಬೇಕು. ಅರ್ಧ ಹಣ ಬಂದರೆ ಯಾವ ಸಾಲು ಬಿಡುತ್ತೀರಿ ಅನ್ನುವುದನ್ನೂ ಬರೆದಿಡಿ. ರಂಗಸಜ್ಜಿಕೆ ಬಿಡಬಹುದು, ಬರೀ ರಂಗದ ಮೇಲೂ ಒಳ್ಳೆಯ ನಾಟಕ ಆಗುತ್ತದೆ.

ಖರ್ಚು ಮಾಡಿದ ದಿನವೇ ಬಿಲ್ಲು ಫೈಲಿಗೆ ಸೇರಲಿ. ನಮ್ಮ ಕಡೆ ಡ್ರೆಸ್ ಬಾಡಿಗೆ ಕೊಡುವವರು, ಗಾಡಿಯವರು ಎಷ್ಟೋ ಸಲ ಬಿಲ್ ಪುಸ್ತಕ ಇಟ್ಟಿರುವುದಿಲ್ಲ. ಅವರಿಂದ ಹೆಸರು, ವಿಳಾಸ, ಫೋನ್ ನಂಬರ್, ಮೊತ್ತ, ಯಾವುದಕ್ಕೆ ಅನ್ನುವುದನ್ನು ಬರೆಸಿ ರಸೀದಿಗೆ ಸಹಿ ಹಾಕಿಸಿ. 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಸಾಧ್ಯವಿದ್ದಷ್ಟು ಹಣ ಬ್ಯಾಂಕ್ ಮೂಲಕವೇ ಹೋಗಲಿ.

ಪ್ರದರ್ಶನ ಮುಗಿದ ಮೇಲೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕೇಂದ್ರದ ಅನುದಾನಕ್ಕೆ ಇದರ ನಮೂನೆ ಜಿಎಫ್ಆರ್ 12-ಎ, ಲೆಕ್ಕಪರಿಶೋಧಕರ ಸಹಿ ಮಾಡಿಸಿ ಕಳಿಸಬೇಕು. ಜೊತೆಗೆ ಫೋಟೊ, ವಿಡಿಯೊ, ಪತ್ರಿಕೆಯ ವರದಿ, ಎಷ್ಟು ಜನ ನೋಡಿದರು ಅನ್ನುವ ಒಂದು ಪುಟ. ಇದನ್ನು ಕಳಿಸದಿದ್ದರೆ ಕೊನೆಯ ಕಂತೂ ಬರುವುದಿಲ್ಲ, ಮುಂದಿನ ವರ್ಷದ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಪ್ರತಿಯೊಂದು ಕಾಗದಕ್ಕೂ ಒಂದು ಜೆರಾಕ್ಸ್ ಸಂಘದ ಫೈಲಿನಲ್ಲಿರಲಿ, ಕಾರ್ಯದರ್ಶಿ ಬದಲಾದರೆ ಫೈಲೂ ಹೊಸಬರ ಕೈಗೆ ಹೋಗಲಿ.

ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ ಒಂದು ಪತ್ರ ಬರೆಯಿರಿ. ದಾಖಲೆ ಕಡಿಮೆ ಇತ್ತೋ, ನಾಟಕ ಹಿಡಿಸಲಿಲ್ಲವೋ, ಆ ವರ್ಷದ ಹಣವೇ ಮುಗಿದಿತ್ತೋ ಅನ್ನುವುದು ಗೊತ್ತಾದರೆ ಮುಂದಿನ ಸಲ ಯಾವ ಪುಟ ತಿದ್ದಬೇಕು ಅನ್ನುವುದು ತಿಳಿಯುತ್ತದೆ. ಬಜೆಟ್ ಪುಟದಲ್ಲಿ ದರಗಳನ್ನು ಮಾತ್ರ ಹೊಸದು ಮಾಡಿ ಇಟ್ಟುಕೊಳ್ಳಿ.